ಅಂತರ್ಜಾಲದ ನೀರಗಂಟಿಗಳಿಗೂ ಬಿತ್ತುವಟ್ಟ ಬೇಕು

ಕರ್ನಾಟಕದ ಶಾಸನಗಳನ್ನು ಬಲ್ಲವರಿಗೆ ‘ಬಿತ್ತುವಟ್ಟ’ ಎಂಬ ಮಾತು ಹೊಸದಲ್ಲ. ಕೆರೆಯನ್ನು ಕಟ್ಟಿಸಿದವರಿಗೆ, ಅದನ್ನು ಕಾಪಾಡಿಕೊಂಡು ಬರುವವರಿಗೆ, ಆ ಕೆರೆಯ ಕೆಳಗಿನ ಭೂಮಿಯಲ್ಲಿ ಅಥವಾ ಅದರ ಫಸಲಿನಲ್ಲಿ ಇಂತಿಷ್ಟು ಪಾಲನ್ನು ಬಿಟ್ಟುಕೊಡುವ ಏರ್ಪಾಡು ಅದು. ಹೂಳು ಹೊರಲು ಬಂಡಿ, ಬಂಡಿ ಎಳೆಯಲು ಕೋಣ, ಅವುಗಳ ಖರ್ಚಿಗೆ ದತ್ತಿ ಎಂದು ಕಲ್ಲಿನ ಮೇಲೆ ಬರೆಸಿದ ನಿದರ್ಶನಗಳೂ ಇವೆ. ಕಟ್ಟುವುದು ಒಂದು ಕೆಲಸ, ಕಟ್ಟಿದ್ದನ್ನು ಉಳಿಸಿಕೊಳ್ಳುವುದು ಅಷ್ಟೇ ತೂಕದ ಇನ್ನೊಂದು ಕೆಲಸ, ಎರಡನೆಯದಕ್ಕೂ ಮೊದಲೇ ಹಣದ ದಾರಿ ಮಾಡಿಡಬೇಕು ಎಂಬ ತಿಳಿವಳಿಕೆ ನಮ್ಮ ಹಿಂದಿನವರಿಗಿತ್ತು.

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯಲ್ಲಿ ಈ ತಿಳಿವಳಿಕೆ ಬದುಕಿನ ಪ್ರಶ್ನೆಯೇ ಆಗಿತ್ತು. ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲದ ನಾಡು ಇದು. ಊರೂರಿಗೂ ಕೆರೆ, ಕೆರೆಗೊಬ್ಬ ನೀರಗಂಟಿ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಲೆಕ್ಕ ಹಿಡಿಯುವುದು, ಮಳೆಗಾಲದ ರಾತ್ರಿ ಏರಿಯಲ್ಲಿ ನೀರು ಜಿನುಗಿದರೆ ಊರನ್ನು ಎಬ್ಬಿಸುವುದು ಅವನ ಹೊಣೆ. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದಲೇ ಅವನ ಪಾಲಿನ ಧಾನ್ಯ ಅಳೆದು ಕೊಡುತ್ತಿದ್ದರು. ಕೆರೆಗಳು ಇಲಾಖೆಯ ವಶಕ್ಕೆ ಹೋದವು, ತೋಟಗಳಿಗೆ ಕೊಳವೆಬಾವಿಗಳು ಬಂದವು, ನೀರಗಂಟಿಗೆ ಧಾನ್ಯ ಅಳೆಯುವ ಪದ್ಧತಿ ಊರಿಂದೂರಿಗೆ ನಿಂತುಹೋಯಿತು. ಅನಂತರ ಕೆರೆಗಳಲ್ಲಿ ಹೂಳು ತುಂಬಿದ್ದು ಯಾರಿಗೂ ಆಶ್ಚರ್ಯವಾಗಬೇಕಾದ ಸಂಗತಿಯಲ್ಲ.

ನಾನು ಈ ಸೀಮೆಯವನು. ಹೊಟ್ಟೆಪಾಡಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಬೆಂಗಳೂರಿನಲ್ಲಿ ಗಣಕಜಾಲಗಳ ನಿರ್ವಹಣೆಯಲ್ಲಿ ದುಡಿದವನು. ಕೆರೆಯ ಕಥೆಯನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಇಂದು ನಾವೆಲ್ಲರೂ, ತೋಟದಲ್ಲಿರುವ ರೈತನೂ ಸೇರಿದಂತೆ, ಇನ್ನೊಂದು ಬಗೆಯ ಕೆರೆಯ ಕೆಳಗೆ ಬದುಕುತ್ತಿದ್ದೇವೆ. ಅಂತರ್ಜಾಲವನ್ನು ನಡೆಸುವ ಮುಕ್ತ ತಂತ್ರಾಂಶಗಳೇ ಆ ಕೆರೆ. ಅದರ ನೀರನ್ನು ನಾವು ಧಾರಾಳವಾಗಿ ಬಳಸುತ್ತಿದ್ದೇವೆ. ಆದರೆ ಅದರ ನೀರಗಂಟಿ ಯಾರು, ಅವನಿಗೆ ಧಾನ್ಯ ಅಳೆಯುವವರು ಯಾರು ಎಂಬ ಪ್ರಶ್ನೆಯನ್ನು ಕರ್ನಾಟಕ ಇನ್ನೂ ಗಂಭೀರವಾಗಿ ಕೇಳಿಕೊಂಡಿಲ್ಲ.

ಇದು ಬೆಂಗಳೂರಿನ ಗಾಜಿನ ಕಟ್ಟಡಗಳಿಗಷ್ಟೇ ಸಂಬಂಧಿಸಿದ ಮಾತಲ್ಲ. ನಮ್ಮ ಕಡೆಯ ರೈತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ, ಸುಮಾರು ಒಂದು ವರ್ಷ ಕಾದು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ ಒಡೆಸುತ್ತಾನೆ. ಹೀಗೆ ವರ್ಷವಿಡೀ ಕಾದ ಉಂಡೆ ಕೊಬ್ಬರಿಯ ದರ ತಿಪಟೂರಿನ ಮಾರುಕಟ್ಟೆಯಲ್ಲಿ ಈಗ ಎಲೆಕ್ಟ್ರಾನಿಕ್ ಟೆಂಡರಿನಲ್ಲಿ ನಿಶ್ಚಯವಾಗುತ್ತದೆ. ಪಹಣಿಯನ್ನು ‘ಭೂಮಿ’ ಯೋಜನೆ 2000ದ ದಶಕದ ಆರಂಭದಲ್ಲೇ ಗಣಕಕ್ಕೆ ಏರಿಸಿತು. ಹಳ್ಳಿಯ ಪಂಚಾಯಿತಿಗೆ ದ್ಯುತಿತಂತು ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ‘ಭಾರತ್‌ನೆಟ್’ ಆಯಿತು. 2024ರ ಹಂಗಾಮಿನಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಣೆಯಾದಾಗ ರೈತರು ಸಾಲುಗಟ್ಟಿ ನಿಂತದ್ದು ಗಣಕದ ಮುಂದೆ ಹೆಸರು ನೋಂದಾಯಿಸುವುದಕ್ಕೆ. ತಾಲ್ಲೂಕು ಕಚೇರಿಯಿಂದ ಬರಿಗೈಯಲ್ಲಿ ಹಿಂದಿರುಗುವವನ ಬಾಯಲ್ಲಿ ‘ಸಾಹೇಬರಿಲ್ಲ’ ಎಂಬ ಹಳೆಯ ಮಾತಿನ ಜಾಗದಲ್ಲಿ ‘ಸರ್ವರ್ ಇಲ್ಲ’ ಎಂಬ ಹೊಸ ಮಾತು ಬಂದಿದೆ. ಜಾಲವು ನಿಂತರೆ ಏನು ನಿಲ್ಲುತ್ತದೆ ಎಂಬುದು ಹಳ್ಳಿಗೆ ಈಗ ಚೆನ್ನಾಗಿ ಗೊತ್ತು.

ಈ ಜಾಲದ ಒಳಗೆ ಏನಿದೆ? ಹಳ್ಳಿಯಲ್ಲಿ ಒಬ್ಬ ಹುಡುಗ ಮೊಬೈಲಿನಲ್ಲಿ ಒಂದು ತಾಣದ ಹೆಸರನ್ನು ಒತ್ತಿದ ಎಂದುಕೊಳ್ಳಿ. ಆ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸಿಕೊಡುವುದು ಒಂದು ತಂತ್ರಾಂಶ. ಮನೆಯ ಸಣ್ಣ ಪೆಟ್ಟಿಗೆಗಳಲ್ಲಿ ಈ ಕೆಲಸ ಮಾಡುವ ‘ಡಿಎನ್‌ಎಸ್‌ಮಾಸ್ಕ್’ ಎಂಬ ಪುಟ್ಟ ತಂತ್ರಾಂಶವನ್ನು ಸೈಮನ್ ಕೆಲಿ ಎಂಬ ಇಂಗ್ಲೆಂಡಿನ ವ್ಯಕ್ತಿ ಬರೆದು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನೋಡಿಕೊಂಡು ಬಂದಿದ್ದಾರೆ. ಸಂದೇಶ ಯಾವ ದಾರಿಯಲ್ಲಿ ಹೋಗಬೇಕೆಂದು ತೀರ್ಮಾನಿಸುವುದು ಇನ್ನೊಂದು. ನಡುದಾರಿಯಲ್ಲಿ ಯಾರೂ ಓದದಂತೆ ಬೀಗ ಹಾಕುವುದು ಮತ್ತೊಂದು. ‘ಓಪನ್‌ಎಸ್‌ಎಸ್‌ಎಲ್’ ಅದಕ್ಕೆ ಅತ್ಯಂತ ಬಳಕೆಯಲ್ಲಿರುವ ಹೆಸರು. ಇವೆಲ್ಲಕ್ಕೂ ತಳಹದಿಯಾಗಿ ಲಿನಕ್ಸ್ ಕರ್ನೆಲ್ ಇದೆ. ಮನೆಯ ವೈಫೈ ಪೆಟ್ಟಿಗೆಯಿಂದ ಹಿಡಿದು ದೊಡ್ಡ ಸರ್ವರ್‌ವರೆಗೆ ಬಹುಪಾಲು ಯಂತ್ರಗಳು ಅದರ ಮೇಲೆಯೇ ನಡೆಯುತ್ತವೆ. ಇವುಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆ ಸ್ವಾತಂತ್ರ್ಯದಿಂದಲೇ ಅವು ಇಷ್ಟು ಹರಡಿವೆ.

ತಂತ್ರಾಂಶ ಕಬ್ಬಿಣವಲ್ಲ, ತುಕ್ಕು ಹಿಡಿಯುವುದಿಲ್ಲ. ಒಮ್ಮೆ ಬರೆದ ಮೇಲೆ ಅದಕ್ಕೇನು ಆರೈಕೆ ಎಂದು ಓದುಗರು ಕೇಳಬಹುದು. ತೆಂಗು ಬೆಳೆದವರಿಗೆ ಇದರ ಉತ್ತರ ಸುಲಭವಾಗಿ ತಿಳಿಯುತ್ತದೆ. ನಲವತ್ತು ವರ್ಷ ಕಾಯಿ ಕೊಟ್ಟ ಮರಕ್ಕೆ 1990ರ ದಶಕದ ಕೊನೆಯಲ್ಲಿ ನುಸಿ ಬಂತು. ಮರ ಬದಲಾಗಿರಲಿಲ್ಲ, ಅದರ ಸುತ್ತಲಿನ ಲೋಕ ಬದಲಾಗಿತ್ತು. ತಂತ್ರಾಂಶದ ಸ್ಥಿತಿಯೂ ಇದೇ. ಹೊಸ ಯಂತ್ರಗಳು ಬರುತ್ತವೆ, ಜಾಲದ ವೇಗ ಹತ್ತು ಪಟ್ಟು ಏರುತ್ತದೆ, ನಿಯಮಗಳು ಬದಲಾಗುತ್ತವೆ, ನುಗ್ಗುವವರು ಹೊಸ ಉಪಾಯ ಹುಡುಕುತ್ತಾರೆ. ಹತ್ತು ವರ್ಷ ಯಾರ ಕಣ್ಣಿಗೂ ಬೀಳದ ಬಿರುಕು ಹನ್ನೊಂದನೆಯ ವರ್ಷ ಬಾಯಿ ತೆರೆಯುತ್ತದೆ. ದಾರಿ ತೀರ್ಮಾನಿಸುವ ತಂತ್ರಾಂಶದ ಚರಿತ್ರೆಯನ್ನೇ ನೋಡಿ. 1996ರಲ್ಲಿ ಜಪಾನಿನ ಕುನಿಹಿರೊ ಇಶಿಗುರೊ ‘ಜೀಬ್ರಾ’ ಎಂಬುದನ್ನು ಆರಂಭಿಸಿದರು. ಅದರ ಬೆಳವಣಿಗೆ ನಿಂತಾಗ ಬೇರೆಯವರು ಅದನ್ನು ಎತ್ತಿಕೊಂಡು ‘ಕ್ವಾಗ’ ಎಂದು ಮುಂದುವರಿಸಿದರು. ಅದೂ ನಿಧಾನವಾದಾಗ 2017ರಲ್ಲಿ ‘ಎಫ್‌ಆರ್‌ರೂಟಿಂಗ್’ ಹುಟ್ಟಿತು. ಪ್ರತಿ ಸಲವೂ ಯಾರೋ ಕೈ ಚಾಚಿದ್ದರಿಂದ ಅದು ಉಳಿಯಿತು. ಕೈ ಚಾಚುವವರು ಸದಾ ಇರುತ್ತಾರೆ ಎಂಬುದಕ್ಕೆ ಯಾವ ಭರವಸೆಯೂ ಇಲ್ಲ.

ಈ ವಿಷಯದಲ್ಲಿ ಕನ್ನಡ ನಾಡಿನದೇ ಒಂದು ಉದಾಹರಣೆಯಿದೆ. ಅದು ಆಗಬೇಕಾದಷ್ಟು ಸುದ್ದಿಯಾಗಿಲ್ಲ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಮೋಹಿತ್ ತಹಿಲಿಯಾನಿ ಅವರೂ ಅವರ ವಿದ್ಯಾರ್ಥಿಗಳೂ ಜಾಲದ ದಟ್ಟಣೆಯ ಸಮಸ್ಯೆಯ ಮೇಲೆ ಕೆಲಸ ಮಾಡಿದ್ದಾರೆ. ಜಾಲಗಳನ್ನು ಗಣಕದೊಳಗೆ ಅನುಕರಿಸಿ ಪರೀಕ್ಷಿಸುವ ‘ಎನ್‌ಎಸ್-3’ ಎಂಬ ಮುಕ್ತ ತಂತ್ರಾಂಶದ ಅಂತರರಾಷ್ಟ್ರೀಯ ಕಾರ್ಯಾಗಾರ 2018ರಲ್ಲಿ ಸುರತ್ಕಲ್ಲಿನಲ್ಲೇ ನಡೆಯಿತು. ಆದರೆ ಇಲ್ಲಿ ನಾನು ಹೇಳಬಯಸುವುದು ಅವರು ಬರೆದು ಲಿನಕ್ಸ್ ಕರ್ನೆಲ್‌ಗೆ ಸೇರಿಸಿದ ಒಂದು ಸಣ್ಣ ಭಾಗದ ಕಥೆಯನ್ನು.

ಅದಕ್ಕೆ ಮೊದಲು ಸಮಸ್ಯೆ ಏನೆಂದು ತಿಳಿಯಬೇಕು. ಮನೆಯಲ್ಲಿ ಒಬ್ಬರು ದೊಡ್ಡ ವಿಡಿಯೊ ಕಳುಹಿಸುತ್ತಿರುವಾಗ ಇನ್ನೊಬ್ಬರ ದೂರವಾಣಿ ಮಾತು ತುಂಡು ತುಂಡಾಗುವುದನ್ನು ಎಲ್ಲರೂ ಅನುಭವಿಸಿದ್ದಾರೆ. ತಂತಿ ಕಿರಿದಾಗಿರುವುದೊಂದೇ ಇದಕ್ಕೆ ಕಾರಣವಲ್ಲ. ಹೊರಗೆ ಹೋಗಲು ಕಾಯುತ್ತಿರುವ ಸಂದೇಶದ ತುಣುಕುಗಳನ್ನು ರೂಟರ್ ಒಂದು ಸಾಲಿನಲ್ಲಿ ಕೂಡಿಡುತ್ತದೆ. ನೆನಪಿನ ಚಿಪ್ಪುಗಳು ಅಗ್ಗವಾದಂತೆ ತಯಾರಕರು ಈ ಸಾಲನ್ನು ಉದ್ದ ಮಾಡುತ್ತಲೇ ಹೋದರು. ಸಾಲು ಉದ್ದವಾದಷ್ಟೂ ಕಾಯುವ ಹೊತ್ತು ಹೆಚ್ಚಾಯಿತು. ಸಣ್ಣ ಮಾತು ದೊಡ್ಡ ವಿಡಿಯೊದ ಹಿಂದೆ ನಿಂತು ಬಾಡಿತು. ಜಿಮ್ ಗೆಟಿಸ್ ಎಂಬ ಅಮೆರಿಕದ ತಜ್ಞರು 2010ರ ಸುಮಾರಿಗೆ ಈ ಕಾಯಿಲೆಯನ್ನು ಗುರುತಿಸಿ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. ಕೆರೆಯ ಭಾಷೆಯಲ್ಲಿ ಹೇಳುವುದಾದರೆ, ತೂಬಿನ ಅಳತೆ ನೋಡದೆ ಕೆರೆಯನ್ನಷ್ಟೇ ದೊಡ್ಡದು ಮಾಡಿದಂತಾಗಿತ್ತು.

ಪರಿಹಾರವೂ ನೀರಗಂಟಿಯ ಬುದ್ಧಿಯದೇ. ಸಾಲು ತುಂಬಿ ತುಳುಕುವವರೆಗೆ ಕಾಯದೆ, ತುಣುಕುಗಳು ಎಷ್ಟು ಹೊತ್ತು ಕಾಯುತ್ತಿವೆ ಎಂದು ಅಳೆದು, ಹೊತ್ತು ಮೀರುವಂತಿದ್ದರೆ ಕೆಲವನ್ನು ಮೊದಲೇ ಕೈಬಿಡುವುದು. ಕಳುಹಿಸುವ ಯಂತ್ರ ಅದನ್ನು ಗಮನಿಸಿ ತನ್ನ ವೇಗ ತಗ್ಗಿಸುತ್ತದೆ. ಈ ತತ್ತ್ವದ ‘ಪೈ’ ಎಂಬ ವಿಧಾನವನ್ನು ಸಿಸ್ಕೊ ಕಂಪನಿಯ ತಜ್ಞರು ರೂಪಿಸಿದರು. ಅದು 2014ರಲ್ಲಿ ಲಿನಕ್ಸ್ ಸೇರಿತು, 2017ರಲ್ಲಿ ಅಂತರ್ಜಾಲದ ಮಾನಕ ದಾಖಲೆಗಳಲ್ಲಿ ಪ್ರಕಟವಾಯಿತು. ಆದರೆ ಅದು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿತ್ತು. ಸುರತ್ಕಲ್ಲಿನವರು ಒಂದೊಂದು ಹರಿವಿಗೂ ಬೇರೆ ಬೇರೆ ಸಾಲು ಮಾಡಿ, ಪ್ರತಿ ಸಾಲಿಗೂ ‘ಪೈ’ ವಿಧಾನವನ್ನು ಅನ್ವಯಿಸುವ ‘ಎಫ್‌ಕ್ಯೂ-ಪೈ’ಯನ್ನು ಲಿನಕ್ಸ್‌ಗಾಗಿ ಬರೆದರು. ಸಾಮಾನ್ಯ ಸ್ಥಿತಿಯಲ್ಲಿ ಅದು 1,024 ಸಾಲುಗಳನ್ನು ಇಟ್ಟುಕೊಳ್ಳುತ್ತದೆ. ಒಬ್ಬನ ಅತಿಯಾಸೆ ಇನ್ನೊಬ್ಬನ ಸರದಿಯನ್ನು ನುಂಗದಂತೆ ಕಾಯುತ್ತದೆ. 2020ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 5.6ರಲ್ಲಿ ಅದು ಸೇರಿತು. ಕಡತದ ನೆತ್ತಿಯ ಮೇಲೆ ಪ್ರಾಧ್ಯಾಪಕರ ಹೆಸರಿನ ಜೊತೆಗೆ ವಿದ್ಯಾರ್ಥಿಗಳ ಹೆಸರುಗಳೂ ಇವೆ. ಲೋಕವೆಲ್ಲ ಬಳಸುವ ಲಿನಕ್ಸ್‌ನ ಒಳಗೆ ಕರಾವಳಿಯ ಕಾಲೇಜೊಂದರ ಮಕ್ಕಳ ಬರಹ ಕುಳಿತಿರುವುದು ಹೆಮ್ಮೆಪಡಬೇಕಾದ ಸಂಗತಿಯೇ ಸರಿ.

ನಮ್ಮಲ್ಲಿ ಇಂತಹ ಕಥೆ ಇಲ್ಲಿಗೆ ಮುಗಿಯುತ್ತದೆ. ಸನ್ಮಾನ, ಶಾಲು, ಪತ್ರಿಕೆಯಲ್ಲೊಂದು ಚಿತ್ರ. ನಿಜವಾದ ಕಥೆ ಶುರುವಾಗುವುದು ಆಮೇಲೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ದೋಷವೊಂದನ್ನು ರೆಡ್ ಹ್ಯಾಟ್ ಕಂಪನಿಯ ಎಂಜಿನಿಯರ್ ಒಬ್ಬರು ತಿದ್ದಿದರು. ಸೆಟ್ಟಿಂಗ್ ತಪ್ಪಾಗಿ ಕೊಟ್ಟಾಗ, ಇನ್ನೂ ಸಿದ್ಧವಾಗದ ಗಡಿಯಾರವನ್ನೇ ನಿಲ್ಲಿಸಲು ಹೋಗುವ ದೋಷ ಅದು. ಇನ್ನೊಂದು ದೋಷವೂ ಕಂಡಿತ್ತು. ಸಾಲುಗಳನ್ನು ಎಣಿಸಲು ಇಟ್ಟಿದ್ದ ಜಾಗದಲ್ಲಿ 65,535ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುತ್ತಿರಲಿಲ್ಲ. ಯಾರಾದರೂ 65,536 ಸಾಲು ಬೇಕೆಂದರೆ ಎಣಿಕೆ ಮತ್ತೆ ಸೊನ್ನೆಗೆ ಮರಳಿ, ಗಾಣದ ಎತ್ತಿನಂತೆ ಕೊನೆಯಿಲ್ಲದೆ ಸುತ್ತುತ್ತಿತ್ತು. 2021ರ ಕೊನೆಯಲ್ಲಿ, ಕಳಚಿದ ಮೇಲೂ ಗಡಿಯಾರ ಮತ್ತೆ ಎದ್ದುಕೊಳ್ಳುವ ದೋಷವನ್ನು ಗೂಗಲ್ ಕಂಪನಿಯ ಎರಿಕ್ ಡುಮಾಜೆ ಸರಿಪಡಿಸಿದರು. 2023ರಲ್ಲಿ, ಸಾಲುಗಳು ಹೆಚ್ಚಾದಾಗ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಪರಿಶೀಲಿಸಲು ಹೋಗಿ ಯಂತ್ರವನ್ನು ತಡೆದು ನಿಲ್ಲಿಸುತ್ತಿದ್ದ ದೋಷವನ್ನು ಅವರೇ ಬಿಡಿಸಿದರು. ಸರದಿಗೆ ಇಷ್ಟೇ ಸಾಲು ನೋಡಬೇಕೆಂಬ ಮಿತಿ ಹಾಕಿದರು.

ಇದನ್ನು ಸುರತ್ಕಲ್ಲಿನವರ ಕುಂದೆಂದು ಯಾರೂ ಓದಬಾರದು. ಜಗತ್ತಿನ ಅತಿ ನುರಿತವರ ಬರಹಕ್ಕೂ ಇಂತಹ ದೋಷಪಟ್ಟಿಗಳು ಇದ್ದೇ ಇರುತ್ತವೆ. ಒಳ್ಳೆಯ ತಂತ್ರಾಂಶ ಬಾಳುವುದೇ ಹೀಗೆ. ನಾನು ಗಮನ ಸೆಳೆಯಬಯಸುವುದು ತಿದ್ದಿದವರು ಯಾರು ಎಂಬುದರ ಕಡೆಗೆ. ನಾನು ಹೆಸರಿಸಿದ ಈ ರಿಪೇರಿಗಳನ್ನು ಮಾಡಿದವರು ದೊಡ್ಡ ಕಂಪನಿಗಳು ಇದೇ ಕೆಲಸಕ್ಕೆ ಸಂಬಳ ಕೊಟ್ಟು ಇಟ್ಟುಕೊಂಡಿರುವ ಎಂಜಿನಿಯರರು. ನಮ್ಮ ವಿದ್ಯಾರ್ಥಿಗಳು ನಾಲ್ಕು ವರ್ಷದ ಪದವಿ ಮುಗಿಸಿ ಹೊರಡುತ್ತಾರೆ, ಕೆಲಸಕ್ಕೆ ಸೇರುತ್ತಾರೆ, ಅವರನ್ನು ದೂರುವಂತಿಲ್ಲ. ಆದರೆ ಅವರು ನೆಟ್ಟ ಸಸಿಗೆ ಐದನೆಯ ವರ್ಷ, ಹತ್ತನೆಯ ವರ್ಷ ನೀರು ಹಾಕುವ ಕೆಲಸಕ್ಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಾಗಲಿ ಸರ್ಕಾರದಲ್ಲಾಗಲಿ ಒಂದು ಹುದ್ದೆಯೂ ಇಲ್ಲ, ಆ ಕೆಲಸಕ್ಕೊಂದು ಹೆಸರೂ ಇಲ್ಲ. ಪ್ರಬಂಧ ಬರೆದರೆ ಬಡ್ತಿಗೆ ಅಂಕವಿದೆ. ಇನ್ನೊಬ್ಬರ ಬರಹದ ದೋಷವನ್ನು ಐದು ವರ್ಷ ತಿದ್ದುತ್ತಾ ಕುಳಿತ ಅಧ್ಯಾಪಕನಿಗೆ ಯಾವ ಅಂಕವಿದೆ?

ಕಾವಲಿಲ್ಲದ ಕೆರೆಗೆ ಏನಾಗುತ್ತದೆ ಎಂಬುದನ್ನು ಜಗತ್ತು ಎರಡು ಸಲ ಹತ್ತಿರದಿಂದ ಕಂಡಿದೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಬಿರುಕು ಬಯಲಾಯಿತು. ಬೀಗ ಹಾಕಬೇಕಾದ ತಂತ್ರಾಂಶವೇ ಯಂತ್ರದ ನೆನಪಿನಲ್ಲಿದ್ದ ಗುಟ್ಟುಗಳನ್ನು ಕೇಳಿದವರಿಗೆ ಕೊಡುತ್ತಿತ್ತು. ಅದು ಹಾಗೆ ಎರಡು ವರ್ಷ ಯಾರ ಗಮನಕ್ಕೂ ಬಾರದೆ ಇತ್ತು. ಬ್ಯಾಂಕುಗಳೂ ಸರ್ಕಾರಗಳೂ ನೆಚ್ಚಿದ್ದ ಆ ತಂತ್ರಾಂಶಕ್ಕೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ, ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು ಎರಡು ಸಾವಿರ ಡಾಲರ್ ಎಂಬುದು ಆಗ ಹೊರಬಿತ್ತು. ಮುಂದಿನ ಘಟನೆ ಇನ್ನೂ ಭಯಾನಕ. ‘ಎಕ್ಸ್‌ಜೆಡ್’ ಎಂಬ ಕಡತ ಕುಗ್ಗಿಸುವ ತಂತ್ರಾಂಶವನ್ನು ಬಹುಕಾಲ ಒಬ್ಬರೇ, ಲಾಸ್ಸೆ ಕೊಲಿನ್ ಎಂಬ ಫಿನ್ಲೆಂಡಿನವರು, ನೋಡಿಕೊಂಡಿದ್ದರು. ದಣಿದಿದ್ದ ಅವರಿಗೆ ನೆರವಾಗುವವನಂತೆ ಸುಳ್ಳು ಹೆಸರಿನ ವ್ಯಕ್ತಿಯೊಬ್ಬ ಬಂದ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ. ಕೊನೆಗೆ, ದೂರದಿಂದ ಸರ್ವರ್‌ಗಳನ್ನು ಪ್ರವೇಶಿಸುವ ಬಾಗಿಲಿಗೇ ಕನ್ನ ಕೊರೆಯುವ ಬರಹವನ್ನು ಅದರೊಳಗೆ ಸೇರಿಸಿದ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರೌಂಡ್ ಎಂಬ ಎಂಜಿನಿಯರ್, ತಮ್ಮ ಯಂತ್ರದ ಪ್ರವೇಶ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಬೆನ್ನುಹತ್ತಿದ್ದರಿಂದ ಅದು ಪತ್ತೆಯಾಯಿತು. ಏರಿಯ ಮೇಲೆ ಒಬ್ಬನೇ ಕಾವಲುಗಾರ, ಅವನಿಗೂ ನಿದ್ದೆಯಿಲ್ಲ. ಅಂತಹ ಹೊತ್ತಿನಲ್ಲಿ ಕಳ್ಳನೇ ‘ನಾನು ಕಾಯುತ್ತೇನೆ, ನೀವು ಮಲಗಿ’ ಎಂದು ಬಂದರೆ ಗುರುತಿಸುವವರು ಯಾರು?

ಹಾರ್ಟ್‌ಬ್ಲೀಡ್ ಬಯಲಾದ ವಾರ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲಿ ಹಗಲು ರಾತ್ರಿ ಒಂದೊಂದೇ ಯಂತ್ರವನ್ನು ಪರೀಕ್ಷಿಸಿದೆವು. ತಯಾರಕರು ಎಂದೋ ಕೈಬಿಟ್ಟಿದ್ದ, ಯಾವ ತಿದ್ದುಪಡಿಯೂ ಸಿಗದ ಹಳೆಯ ಪೆಟ್ಟಿಗೆಗಳು ಹಲವು ಕಂಡವು. ಅವನ್ನು ಬದಲಿಸಲು ಟಿಪ್ಪಣಿ ಕಳುಹಿಸಿದಾಗ ಖರೀದಿ ಸಮಿತಿಯಿಂದ ಬಂದ ಪ್ರಶ್ನೆ ಒಂದೇ: ‘ಇವು ಈಗ ನಡೆಯುತ್ತಿವೆಯಲ್ಲ, ಮತ್ತೇಕೆ ಖರ್ಚು?’ ಹೊಸ ಕಟ್ಟಡದ ಜಾಲಕ್ಕೆ ಅದೇ ವರ್ಷ ಕೇಳಿದಷ್ಟು ಹಣ ಸಿಕ್ಕಿತು. ಆ ಸಮಿತಿಯಲ್ಲಿದ್ದವರು ಕೆಟ್ಟವರಲ್ಲ, ದಡ್ಡರೂ ಅಲ್ಲ. ಉದ್ಘಾಟನೆ ಆಗುವ ವಸ್ತು ಕಣ್ಣಿಗೆ ಕಾಣುತ್ತದೆ. ಆಗದೆ ತಪ್ಪಿದ ಅನಾಹುತ ಯಾವ ಕಡತದಲ್ಲೂ ಕಾಣುವುದಿಲ್ಲ. ನಮ್ಮ ಸಾರ್ವಜನಿಕ ಬದುಕಿನಲ್ಲಿ ಮನೆಮಾಡಿರುವ ಈ ಕಣ್ಣಿನ ದೋಷಕ್ಕೆ ಹೂಳು ತುಂಬಿದ ಕೆರೆಗಳೂ ಸಾಕ್ಷಿ, ಧೂಳು ತುಂಬಿದ ರೂಟರ್‌ಗಳೂ ಸಾಕ್ಷಿ.

ಕರ್ನಾಟಕಕ್ಕೆ ಈ ಲೋಕ ಹೊಸದಲ್ಲ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಲ್ಲಿ ಆರಂಭವಾಗಿ ಮುಂದೆ ‘ಫಾಸ್.ಇನ್’ ಎಂದು ಹೆಸರಾದ ಸಮ್ಮೇಳನವನ್ನು ಅತುಲ್ ಚಿಟ್ನಿಸ್ ಮತ್ತು ಅವರ ಗೆಳೆಯರು 2012ರವರೆಗೆ ನಡೆಸಿದರು. ಬರಿಯ ಬಳಕೆದಾರರಾಗಬೇಡಿ, ಕೊಡುಗೆ ನೀಡುವವರಾಗಿ ಎಂಬುದು ಚಿಟ್ನಿಸ್ ಅವರ ಹಟವಾಗಿತ್ತು. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ 2024ರ ಅಕ್ಟೋಬರ್‌ನಲ್ಲಿ, ಜಗತ್ತಿನ ಯಾವುದೇ ಭಾಗದ ಮುಕ್ತ ತಂತ್ರಾಂಶಗಳ ಪೋಷಣೆಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ನೀಡುವ ನಿಧಿಯನ್ನು ಪ್ರಕಟಿಸಿತು. ತಾನು ಬಳಸಿದ ಕೆರೆಗೆ ತಾನೇ ಪಾಲು ಕೊಡುವ ಈ ನಡೆ ಶ್ಲಾಘನೀಯ. ಇನ್ನು ಸರ್ಕಾರಗಳು? ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಹೊರಡಿಸಿತು. ಆದರೆ ಅದರ ಹೆಸರಿನಲ್ಲೇ ಇರುವುದು ‘ಅಳವಡಿಕೆ’. ಅಳವಡಿಸಿಕೊಳ್ಳುವವನಿಗೂ ಪೋಷಿಸುವವನಿಗೂ ಅಂತರವಿದೆ. ಜರ್ಮನಿ 2022ರಲ್ಲಿ ಇಂತಹ ತಳಹದಿಯ ತಂತ್ರಾಂಶಗಳ ಆರೈಕೆಗೆಂದೇ ಸರ್ಕಾರಿ ಹಣದ ನಿಧಿಯೊಂದನ್ನು ಆರಂಭಿಸಿತು. ರಸ್ತೆ, ಸೇತುವೆಗಳಂತೆ ಇದೂ ಸಾರ್ವಜನಿಕ ಆಸ್ತಿ ಎಂಬುದು ಅಲ್ಲಿನ ವಾದ.

ಇದಕ್ಕೆ ಬರುವ ಆಕ್ಷೇಪಗಳನ್ನು ಬಲ್ಲೆ. ಕುಡಿಯುವ ನೀರಿಗೇ ಪರದಾಡುವ ತಾಲ್ಲೂಕುಗಳಿರುವ ರಾಜ್ಯ, ಎಲ್ಲೋ ಇರುವ ತಂತ್ರಾಂಶ ಬರೆಯುವವನಿಗೆ ಹಣ ಕೊಡಬೇಕೆ ಎಂಬುದು ಮೊದಲನೆಯದು. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಆ ತಾಲ್ಲೂಕಿನ ರೈತನ ಪಹಣಿ, ಪಿಂಚಣಿ, ಕೊಬ್ಬರಿಯ ದರ ಎಲ್ಲವೂ ಈಗ ಆ ತಂತ್ರಾಂಶದ ಮೇಲೆಯೇ ಬರುತ್ತಿವೆ. ಪಟ್ಟಣದವನಿಗೆ ಜಾಲ ಕೈಕೊಟ್ಟರೆ ಇನ್ನೊಂದು ದಾರಿ ಇರುತ್ತದೆ. ಬಸ್ಸು ಹಿಡಿದು ಚಿಕ್ಕನಾಯಕನಹಳ್ಳಿಗೆ ಬಂದವನ ಒಂದು ದಿನದ ಕೂಲಿಯೇ ಹೋಗುತ್ತದೆ. ಅಳತೆಯೂ ದೊಡ್ಡದಲ್ಲ: ನಾನು ಕೇಳುತ್ತಿರುವುದು ಈಗಾಗಲೇ ಖರ್ಚಾಗುತ್ತಿರುವ ಹಣದಲ್ಲಿ ಒಂದು ಸಣ್ಣ ಪಾಲನ್ನು.

ಇದರಿಂದ ಲಾಭ ಮಾಡುವ ದೊಡ್ಡ ಕಂಪನಿಗಳೇ ಕೊಡಲಿ ಎಂಬುದು ಎರಡನೆಯ ಆಕ್ಷೇಪ. ಕೊಡಲೇಬೇಕು, ಕೆಲವು ಕೊಡುತ್ತಲೂ ಇವೆ. ಸುರತ್ಕಲ್ಲಿನ ಕೆಲಸವನ್ನು ತಿದ್ದಿದವರು ಅಂತಹ ಕಂಪನಿಗಳವರೇ ಎಂದು ಆಗಲೇ ಹೇಳಿದೆ. ಆದರೆ ಕಂಪನಿ ತನಗೆ ಬೇಕಾದ ತೂಬನ್ನು ಕಾಯುತ್ತದೆ. ನಮ್ಮ ಪಂಚಾಯಿತಿಯ ಅಗ್ಗದ ಪೆಟ್ಟಿಗೆಯಲ್ಲಿರುವ ತಂತ್ರಾಂಶ ಅದರ ಲೆಕ್ಕದಲ್ಲಿ ಬರಲೇಬೇಕೆಂದಿಲ್ಲ. ಹಣ ಬಂದರೆ ಸ್ವಯಂಸೇವೆಯ ಹುಮ್ಮಸ್ಸು ಕೆಡುತ್ತದೆ, ಸರ್ಕಾರದ ಹಿಡಿತ ಬರುತ್ತದೆ ಎಂಬುದು ಮೂರನೆಯದು. ಹಿಡಿತದ ಭಯ ನ್ಯಾಯವಾದದ್ದೇ. ಆದರೆ ಬಿತ್ತುವಟ್ಟದ ಭೂಮಿ ಕೊಟ್ಟ ಅರಸ ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕೆಂದು ಹೇಳಲು ಬರುತ್ತಿರಲಿಲ್ಲ, ಅದು ಊರಿನ ತೀರ್ಮಾನವಾಗಿತ್ತು. ಏನು ಬರೆಯಬೇಕೆಂದು ಹೇಳದೆ, ಬರೆಯುವವರ ಹೊಟ್ಟೆಗೆ ದಾರಿ ಮಾಡುವ ಕ್ರಮ ಅಸಾಧ್ಯವಲ್ಲ. ಹುಮ್ಮಸ್ಸಿನ ಮಾತಿಗೆ, ದಣಿದು ಕಳ್ಳನ ಕೈಗೆ ಬೀಗದಕೈ ಕೊಡಬೇಕಾಗಿ ಬಂದ ಎಕ್ಸ್‌ಜೆಡ್ ಪ್ರಕರಣವೇ ಉತ್ತರ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದಾಗಿ, ರಾಜ್ಯ ಸರ್ಕಾರದ ಗಣಕಜಾಲ ಯೋಜನೆಗಳ ಪ್ರತಿ ಟೆಂಡರಿನಲ್ಲೂ ಬಳಸಿದ ಮುಕ್ತ ತಂತ್ರಾಂಶಗಳ ಪಟ್ಟಿಯನ್ನು ಗುತ್ತಿಗೆದಾರ ಕೊಡಬೇಕೆಂಬ ಷರತ್ತು ಇರಲಿ. ಊರಿನ ಕೆರೆಗಳು ಎಷ್ಟೆಂದೇ ತಿಳಿಯದವನು ಹೂಳೆತ್ತುವುದೆಲ್ಲಿ? ಎರಡನೆಯದಾಗಿ, ವಾರ್ಷಿಕ ನಿರ್ವಹಣಾ ಗುತ್ತಿಗೆಯ ಮೊತ್ತದಲ್ಲಿ ನೂರಕ್ಕೆ ಒಂದು ರೂಪಾಯಿಯನ್ನು ಆ ಪಟ್ಟಿಯಲ್ಲಿರುವ ತಂತ್ರಾಂಶಗಳ ಪಾಲಕರಿಗೆ ಮೀಸಲಿಡಲಿ. ದೋಷ ತಿದ್ದಿದ ಗುತ್ತಿಗೆದಾರ ಆ ತಿದ್ದುಪಡಿಯನ್ನು ತನ್ನಲ್ಲೇ ಇಟ್ಟುಕೊಳ್ಳದೆ ಮೂಲಕ್ಕೆ ಕಳುಹಿಸುವುದೂ ಷರತ್ತಾಗಲಿ. ಮೂರನೆಯದಾಗಿ, ಪಂಚಾಯಿತಿ ಮತ್ತು ತಾಲ್ಲೂಕು ಕಚೇರಿಗಳಿಗೆ ಕೊಳ್ಳುವ ಪೆಟ್ಟಿಗೆಗಳಿಗೆ ಎಷ್ಟು ವರ್ಷ ಭದ್ರತಾ ತಿದ್ದುಪಡಿ ಕೊಡುತ್ತೇವೆಂದು ತಯಾರಕರು ಲಿಖಿತವಾಗಿ ಒಪ್ಪಬೇಕು; ಅವಧಿ ಮುಗಿದದ್ದನ್ನು ಬದಲಿಸಲು ಬೇರೆಯೇ ಲೆಕ್ಕಶೀರ್ಷಿಕೆ ಇರಬೇಕು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ನಮ್ಮ ತಾಂತ್ರಿಕ ವಿಶ್ವವಿದ್ಯಾಲಯಗಳು ಕೊನೆಯ ವರ್ಷದ ವಿದ್ಯಾರ್ಥಿಯಿಂದ ‘ಹೊಸ’ ಯೋಜನೆಯೊಂದನ್ನು ಕೇಳುತ್ತವೆ. ಹೀಗೆ ಹುಟ್ಟಿದ ಬಹುಪಾಲು ಯೋಜನೆಗಳು ಪರೀಕ್ಷೆಯ ಮರುದಿನವೇ ಕಪಾಟು ಸೇರುತ್ತವೆ. ಅದರ ಬದಲು, ಜಗತ್ತು ಬಳಸುತ್ತಿರುವ ತಂತ್ರಾಂಶವೊಂದರಲ್ಲಿ ಹತ್ತು ದೋಷಗಳನ್ನು ಹುಡುಕಿ ತಿದ್ದಿ, ಅದರ ಪಾಲಕರಿಂದ ಒಪ್ಪಿಗೆ ಪಡೆದವನಿಗೆ ಅಷ್ಟೇ ಅಂಕ ಕೊಡುವಂತಾಗಲಿ. ಅಧ್ಯಾಪಕರ ಬಡ್ತಿಯಲ್ಲಿ ತಂತ್ರಾಂಶದ ಪಾಲನೆಗೂ ಪ್ರಬಂಧದಷ್ಟೇ ಮಾನ್ಯತೆ ಸಿಗಲಿ. ತಿಪಟೂರು, ತುಮಕೂರುಗಳ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಸುರತ್ಕಲ್ಲಿನವರಿಗಿಂತ ಬುದ್ಧಿಯಲ್ಲಿ ಕಡಿಮೆಯವರಲ್ಲ. ಈ ಕೆಲಸಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಒಂದು ಗಣಕ, ಜಾಲದ ಸಂಪರ್ಕ, ತಾಳ್ಮೆಯಿಂದ ಹೇಳಿಕೊಡುವ ಒಬ್ಬ ಗುರು ಇದ್ದರೆ ಸಾಕು. ಪದವಿಯ ನಂತರ ಎರಡು ಮೂರು ವರ್ಷ ಇದೇ ಕೆಲಸ ಮುಂದುವರಿಸಲು ರಾಜ್ಯ ಸರ್ಕಾರ ವರ್ಷಕ್ಕೆ ಇಪ್ಪತ್ತು ಮಂದಿಗೆ ವೇತನ ಕೊಟ್ಟರೂ, ಒಂದು ದಶಕದಲ್ಲಿ ಇನ್ನೂರು ಮಂದಿ ನುರಿತ ಪಾಲಕರು ಕನ್ನಡ ನಾಡಿನಲ್ಲಿ ಇರುತ್ತಾರೆ. ಮುಂದಿನ ಹಾರ್ಟ್‌ಬ್ಲೀಡ್ ಬಂದ ರಾತ್ರಿ ಯಾರನ್ನು ಎಬ್ಬಿಸಬೇಕೆಂದು ಆಗ ನಮಗೆ ಗೊತ್ತಿರುತ್ತದೆ.

ಬಫರ್‌ಬ್ಲೋಟ್ ವಿರುದ್ಧದ ಹೋರಾಟವನ್ನು ಒಂದು ದಶಕಕ್ಕೂ ಹೆಚ್ಚು ಕಾಲ ಮುನ್ನಡೆಸಿದ ಡೇವ್ ಟಾಟ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ವಿಡಿಯೊ ಕರೆಯಲ್ಲಿ ಮೊಮ್ಮಗುವಿನ ಮುಖ ನೋಡುವ ನಮ್ಮ ಹಳ್ಳಿಯ ಅಜ್ಜಿಗೆ ಅವರ ಹೆಸರು ಗೊತ್ತಿರಬೇಕಾದ ಅಗತ್ಯವಿಲ್ಲ. ಆದರೆ ಜಾಲಕ್ಕೆಂದು ಕೋಟಿಗಟ್ಟಲೆ ಹಣದ ಆಯವ್ಯಯ ಮಂಡಿಸುವವರಿಗೆ, ಪಠ್ಯಕ್ರಮ ರೂಪಿಸುವವರಿಗೆ ಅಂತಹವರ ಕೆಲಸದ ಬೆಲೆ ಗೊತ್ತಿರಲೇಬೇಕು. ಬರುವ ಆಯವ್ಯಯದಲ್ಲಿ ಹೊಸ ಯೋಜನೆಗಳ ಪಟ್ಟಿಯ ಕೆಳಗೆ, ಇರುವ ತಂತ್ರಾಂಶಗಳ ಪಾಲನೆಗೆಂದು ಒಂದು ಸಾಲು ಸೇರಲಿ. ಮೊತ್ತ ಚಿಕ್ಕದಿದ್ದರೂ ಚಿಂತೆ ಇಲ್ಲ, ಅದು ಪ್ರತಿ ವರ್ಷವೂ ಇರಬೇಕು.